ಬೆಂಕಿ ಕಾಣದ ಒಲೆ

ವಿನ್ನಿಪೆಗ್, ಕೆನಡಾ
18-9-1977

ಮನೆಯವರ ಪಾದಗಳಿಗೆ ತಿರುಮಲಮ್ಮ ಮಾಡುವ ನಮಸ್ಕಾರಗಳು.

ಆಂಡಾಳಿಗೆ ಈ ತಿಂಗಳ ಎರಡನೇ ತಾರೀಕು ಹೆಣ್ಣು ಮಗು ಹುಟ್ಟಿತು. ಅಳಿಯ ರಾಮಾನುಜ ನಿಮಗೆ ತಂತಿ ಕೊಟ್ಟೆ ಅಂದ, ತಲುಪಿರಬೇಕು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಕೂಸಿಗೆ ತಾತನ, ಅಂದರೆ ನಿಮ್ಮ ಅಣ್ಣನ, ಮೂಗೇ ಬಂದಿದೆ. ಪಾಪ, ಬೆಳೆಯುತ್ತಾ ಸರಿಹೋಗಬಹುದು. ಆಂಡಾಳಿನ ತಾಯಿ ಬದುಕಿದ್ದರೆ ಈ ಬಾಣಂತನಕ್ಕೆ ಅವರೇ ಬರುತ್ತಿದ್ದರು. ಅವರಿಲ್ಲದ್ದಕ್ಕೆ ಚಿಕ್ಕಮ್ಮ ಸಮುದ್ರ ದಾಟಬೇಕಾಯಿತು. ಹೆರದವಳಿಗೆ ಬಾಣಂತನ ಏನು ಗೊತ್ತು ಎಂದು ನಮ್ಮ ಬೀದಿಯವರು ಆಡಿಕೊಂಡರಂತೆ. ಆಡಿಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಈಗ ಒಂದು ವಿಷಯ ಕೇಳಬೇಕು. ಇಲ್ಲಿನ ಅಡುಗೆಮನೆಯಲ್ಲಿ ಒಂದು ಪೆಟ್ಟಿಗೆ ಇದೆ. ನಮ್ಮ ಬಟ್ಟೆ ಟ್ರಂಕಿನಷ್ಟು ದೊಡ್ಡದು, ಮುಂದೆ ಗಾಜಿನ ಬಾಗಿಲು. ಒಳಗೆ ಬೆಂಕಿಯೂ ಇಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಅನ್ನ ಇಟ್ಟು ಬಾಗಿಲು ಮುಚ್ಚಿ ಗುಂಡಿ ತಿರುಗಿಸಿದರೆ ಗುಂಯ್ ಅನ್ನುತ್ತದೆ. ಎರಡು ನಿಮಿಷಕ್ಕೆ ಟಿಂಗ್ ಎಂದು ಗಂಟೆ ಹೊಡೆದು ನಿಲ್ಲುತ್ತದೆ. ತೆಗೆದರೆ ಹಬೆ. ಇದಕ್ಕೆ ಮೈಕ್ರೋವೇವ್ ಎಂದು ಹೆಸರು. ರೇಡಿಯೋದಲ್ಲಿ ಬರುವಂಥದೇ ಅಲೆ ಇದರಲ್ಲೂ ಓಡಾಡುತ್ತದೆ ಎಂದು ಆಂಡಾಳ್ ಹೇಳುತ್ತಾಳೆ.

ಅದರ ಕಟ್ಟಳೆಗಳು ನಮ್ಮ ಅತ್ತೆಯವರ ಕಟ್ಟಳೆಗಳಿಗಿಂತ ಹೆಚ್ಚು. "ಚಿಕ್ಕಮ್ಮ, ಖಾಲಿ ಇಟ್ಟು ಓಡಿಸಬೇಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ. ಲೋಹದ್ದು ಏನೂ ಒಳಗೆ ಇಡಬೇಡಿ. ಸ್ಟೀಲು, ಹಿತ್ತಾಳೆ, ಚಮಚ, ಏನೂ ಕೂಡದು. ಗಾಜು ಇಲ್ಲಾ ಪಿಂಗಾಣಿ ಮಾತ್ರ" ಎಂದಳು. ಯಾಕೆ ಅಂತ ಕೇಳಿದರೆ, "ಕಿಡಿ ಹಾರುತ್ತೆ ಚಿಕ್ಕಮ್ಮ. ನನಗೂ ಅಷ್ಟೇ ಗೊತ್ತು" ಎನ್ನುತ್ತಾಳೆ.

ನಾನು ಜನ್ಮದಲ್ಲಿ ಪಿಂಗಾಣಿಯಲ್ಲಿ ಉಂಡವಳಲ್ಲ. ಸಮುದ್ರ ದಾಟಿದವಳಿಗೆ ಮಡಿ ಎಲ್ಲಿಯದು ಎಂದು ನೀವು ನಗುತ್ತೀರಿ, ಗೊತ್ತು. ಆದರೂ ಕೈ ಬರುವುದಿಲ್ಲ. ನನ್ನ ಮಡಿ ಬಿಡಿಸಲು ಈ ಹುಡುಗಿ ಹೂಡಿದ ಉಪಾಯವೇ ಇದು ಎಂಬ ಅನುಮಾನವೂ ಇದೆ. ನನ್ನ ಮದುವೆಯಲ್ಲಿ ಬೆಳಕವಾಡಿಯ ತವರಿನವರು ಕೊಟ್ಟ ಬೆಳ್ಳಿ ಒಳಲೆ ತಂದಿದ್ದೇನೆ. ಕೂಸಿಗೆ ಹಾಲು ಕುಡಿಸಲೆಂದು ಕೊಟ್ಟದ್ದು ಇಪ್ಪತ್ತೇಳು ವರ್ಷ ಪೆಟ್ಟಿಗೆಯ ತಳದಲ್ಲೇ ಮಲಗಿತ್ತು. ಅದರಲ್ಲಿ ಹಾಲು ಬಿಸಿ ಮಾಡಬಹುದೋ ಬಾರದೋ, ನೀವು ವಿಜ್ಞಾನದ ಮೇಷ್ಟ್ರು, ತಿಳಿಸಿ. ನೀವು ಹೇಳಿದರೆ ನನಗೆ ಧೈರ್ಯ.

ನಿಮ್ಮ ಊಟ ಹೇಗೆ? ಸೌದೆ ಒಲೆ ನಿಮಗೆ ಆಗದು, ಪಂಪ್ ಸ್ಟವ್ವಿನಲ್ಲೇ ಮಾಡಿಕೊಳ್ಳಿ. ಉರಿಯುತ್ತಿರುವಾಗ ಸೀಮೆಎಣ್ಣೆ ಸುರಿಯಬೇಡಿ. ಆರಿಸಿ, ಅದು ತಣ್ಣಗಾದ ಮೇಲೆ ಸುರಿಯಿರಿ. ಪಂಚೆಯ ತುದಿ ಎತ್ತಿ ಕಟ್ಟಿಕೊಳ್ಳಿ.

ತಿರುಮಲಮ್ಮ


ಮದ್ದೂರು
5-10-1977

ಸೌಭಾಗ್ಯವತಿ ತಿರುಮಲಮ್ಮನಿಗೆ ವರದರಾಜನ ಆಶೀರ್ವಾದಗಳು.

ತಂತಿಯೂ ಬಂತು, ಪತ್ರವೂ ಬಂತು. ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ರೇಡಿಯೋ ಅಡುಗೆ ಮಾಡುತ್ತದೆ ಎಂದರೆ ಕನ್ನಡ ಪಂಡಿತರು ನಂಬಲಿಲ್ಲ. ನಮ್ಮ ಮನೆಯ ರೇಡಿಯೋ ಇಷ್ಟು ವರ್ಷದಲ್ಲಿ ಒಂದು ಲೋಟ ನೀರನ್ನೂ ಕಾಯಿಸಿಲ್ಲ.

ನೀನು ಕೇಳಿದ ಪ್ರಶ್ನೆಗೆ ಉತ್ತರ ಎಂಟನೇ ತರಗತಿಯ ಪುಸ್ತಕದಲ್ಲೇ ಇದೆ. ಉಷ್ಣವಾಹಕಗಳಲ್ಲಿ ಬೆಳ್ಳಿಗೆ ಮೊದಲನೇ ಸ್ಥಾನ. ಗಾಜು, ಪಿಂಗಾಣಿ ಶಾಖವನ್ನು ತಡೆಯುತ್ತವೆ, ಬೆಳ್ಳಿ ಬಿಟ್ಟುಕೊಡುತ್ತದೆ. ಆದ್ದರಿಂದ ಶಾಖ ಯಾವ ರೂಪದಲ್ಲಿ ಬಂದರೂ ಬೆಳ್ಳಿಯ ಪಾತ್ರೆಯೇ ಶ್ರೇಷ್ಠ. ಸ್ಟೀಲಿನಲ್ಲಿ ಕಬ್ಬಿಣವಿದೆ, ಕಿಡಿ ಹಾರಿದರೆ ಹಾರಬಹುದು. ಶುದ್ಧ ಬೆಳ್ಳಿಗೆ ಆ ಭಯವಿಲ್ಲ. ಆಂಡಾಳಿಗೆ ಕಾರಣ ಗೊತ್ತಿಲ್ಲ ಎಂದು ಅವಳೇ ಒಪ್ಪಿದ್ದಾಳೆ. ಕಾರಣ ಗೊತ್ತಿಲ್ಲದ ಕಟ್ಟಳೆಯನ್ನು ಪಾಲಿಸಬೇಕಾಗಿಲ್ಲ. ನೀನು ಧೈರ್ಯವಾಗಿ ಒಳಲೆಯಲ್ಲೇ ಹಾಲು ಬಿಸಿ ಮಾಡು, ನಾನು ಹೇಳಿದ್ದೇನೆ.

ಇಲ್ಲಿ ಎಲ್ಲ ಸುಖ. ಪಾತ್ರೆ ತೊಳೆಯಲು ಮರಿತಾಯಮ್ಮ ತಪ್ಪದೆ ಬರುತ್ತಾಳೆ. "ಅಮ್ಮಾವ್ರು ಇಲ್ದೆ ಮನೆ ಬಿಕೋ ಅಂತದೆ ಸ್ವಾಮಿ" ಎಂದು ದಿನಾ ಒಂದು ಸಲ ಅಂದು ಹೋಗುತ್ತಾಳೆ. ನನಗೇನೂ ಹಾಗನಿಸುವುದಿಲ್ಲ. ನಾನು ಸಾರು ಮಾಡುವುದರಲ್ಲಿ ಪಂಡಿತನಾಗಿದ್ದೇನೆ. ಹುಣಿಸೆಹಣ್ಣು ಕಿವುಚಿ ನೀರಿಗೆ ಹಾಕಿ, ಅದರಲ್ಲೇ ಬೇಳೆಯನ್ನೂ ಬೇಯಿಸಿಬಿಡುತ್ತೇನೆ. ಒಂದೇ ಪಾತ್ರೆಯಲ್ಲಿ ಕೆಲಸ ಮುಗಿಯುತ್ತದೆ. ನೀವು ಹೆಂಗಸರು ಇದನ್ನು ಸುಮ್ಮನೆ ದೊಡ್ಡ ವಿದ್ಯೆ ಮಾಡಿಟ್ಟುಕೊಂಡಿದ್ದೀರಿ.

ವರದರಾಜ


ವಿನ್ನಿಪೆಗ್
2-11-1977

ಮನೆಯವರ ಪಾದಗಳಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನೀವು ಹೇಳಿದಂತೆಯೇ ಮಾಡಿದೆ. ಹಾಲು ಚೆನ್ನಾಗಿ ಬಿಸಿಯಾಯಿತು.

ಇಲ್ಲಿ ಹಿಮ ಶುರುವಾಗಿದೆ. ಮೊದಲ ದಿನ ಕಿಟಕಿಯಿಂದ ನೋಡಿ ಸಂತೋಷವಾಯಿತು. ಈಗ ಹತ್ತು ದಿನದಿಂದ ಬೀಳುತ್ತಿದೆ. ಬೀದಿಯಲ್ಲಿ ಮನುಷ್ಯರು ಕಾಣುವುದಿಲ್ಲ, ಕಾರುಗಳು ಮಾತ್ರ ಹೋಗುತ್ತವೆ.

ನಿಮ್ಮ ಸಾರಿನ ವಿಷಯ. ಹುಣಿಸೆಹಣ್ಣು ಬಿದ್ದ ನೀರಿನಲ್ಲಿ ಬೇಳೆ ಹೊತ್ತು ಮುಳುಗಿದರೂ ಬೇಯುವುದಿಲ್ಲ, ಕಲ್ಲಾಗಿಯೇ ಇರುತ್ತದೆ. ಒಂದೇ ಒಂದು ಸಲ ಮಾಡಿ ನೋಡಿದ್ದರೂ ನಿಮಗೆ ಇದು ತಿಳಿಯುತ್ತಿತ್ತು. ಎಂದರೆ ನೀವು ಸಾರು ಮಾಡಿಯೇ ಇಲ್ಲ. ನಿಮ್ಮ ಬೇಳೆ ನನ್ನ ಹತ್ತಿರ ಬೇಯುವುದಿಲ್ಲ. ಮನೆಯಲ್ಲಿ ಒಲೆ ಹಚ್ಚುತ್ತಿದ್ದೀರೋ ಇಲ್ಲವೋ, ಏನು ತಿನ್ನುತ್ತಿದ್ದೀರಿ, ನಿಜ ಬರೆಯಿರಿ.

ತಿರುಮಲಮ್ಮ


ಮದ್ದೂರು
24-11-1977

ಸೌಭಾಗ್ಯವತಿ ತಿರುಮಲಮ್ಮನಿಗೆ ಆಶೀರ್ವಾದಗಳು.

ನಿನ್ನ ಪತ್ರ ಹದಿನೆಂಟನೇ ತಾರೀಕು ಬಂತು. ಹಾಲು ಚೆನ್ನಾಗಿ ಬಿಸಿಯಾಯಿತು ಎಂದು ಬರೆದಿದ್ದೀಯೆ. ಆ ಸಾಲನ್ನು ಎರಡು ಮೂರು ಸಲ ಓದಿದೆ.

ದೀಪಾವಳಿ ಆದ ಮೇಲೆ ಮಂಡ್ಯದಲ್ಲಿ ವಿಜ್ಞಾನದ ಉಪಾಧ್ಯಾಯರಿಗೆ ಮೂರು ದಿನದ ಶಿಬಿರ ಇತ್ತು, ಹೋಗಿದ್ದೆ. ಮಾತು ಅಡುಗೆಯ ಕಡೆಗೂ ಹೊರಳಿತ್ತು. ಅದಿರಲಿ. ನನಗೆ ಆಮೇಲೆ ಹೊಳೆಯಿತು, ಬೆಳ್ಳಿಯನ್ನು ದಿನಾ ಬಿಸಿ ಮಾಡಿದರೆ ಸವೆಯುತ್ತದೆ. ತವರಿನ ವಸ್ತು, ಹಾಳಾಗಬಾರದು. ಆದ್ದರಿಂದ ಇನ್ನು ಮೇಲೆ ಒಳಲೆಯನ್ನು ಆ ಪೆಟ್ಟಿಗೆಯೊಳಗೆ ಇಡಬೇಡ. ಆಂಡಾಳ್ ಹೇಳಿದಂತೆ ಗಾಜನ್ನೇ ಉಪಯೋಗಿಸು. ಆಪತ್ಕಾಲೇ ನಾಸ್ತಿ ಮರ್ಯಾದಾ ಎಂದು ದೊಡ್ಡವರೇ ಹೇಳಿದ್ದಾರೆ. ನಿನ್ನ ಕೈಗೆ, ಕಣ್ಣಿಗೆ ಏನೂ ತೊಂದರೆ ಇಲ್ಲ ತಾನೇ? ಸುಮ್ಮನೆ ಕೇಳಿದೆ.

ಸಾರಿನ ವಿಷಯ ನೀನು ಹೇಳಿದ್ದು ಸರಿ. ಬರೆಯುವಾಗ ಹಿಂದುಮುಂದಾಯಿತು. ನಾನು ಚೆನ್ನಾಗಿಯೇ ಊಟ ಮಾಡುತ್ತಿದ್ದೇನೆ.

ವರದರಾಜ


ವಿನ್ನಿಪೆಗ್
20-12-1977

ಮನೆಯವರಿಗೆ ನಮಸ್ಕಾರಗಳು.

ಒಳಲೆಯನ್ನು ನೀವು ಹೇಳುವ ಮೊದಲೇ ತೆಗೆದಿಟ್ಟಿದ್ದೇನೆ. ಕೈ, ಕಣ್ಣು ಎರಡೂ ಚೆನ್ನಾಗಿವೆ.

ಈಗ ನನಗೆ ಅಡುಗೆಮನೆಯ ಕೆಲಸವೇ ಇಲ್ಲ. ಆಂಡಾಳ್ ವಾರಕ್ಕಾಗುವಷ್ಟು ಅಡುಗೆ ಭಾನುವಾರವೇ ಮಾಡಿ ಡಬ್ಬಿಗಳಲ್ಲಿ ತುಂಬಿ ಐಸಿನ ಬೀರುವಿನಲ್ಲಿ ಇಡುತ್ತಾಳೆ. ಬೇಕಾದಾಗ ತೆಗೆದು, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಬಿಸಿ ಮಾಡುತ್ತಾಳೆ. ಅರ್ಧಕ್ಕೆ ನಿಲ್ಲಿಸಿ ಒಂದು ಸಲ ಕಲಕಬೇಕು. ಇಲ್ಲದಿದ್ದರೆ ಅಂಚಿನಲ್ಲಿ ಹೊಗೆ, ನಡುವೆ ಮಂಜುಗಡ್ಡೆ. ಮುಚ್ಚಳ ತೆಗೆಯುವಾಗ ಮುಖ ಹಿಂದೆ ಇಟ್ಟುಕೊಳ್ಳಬೇಕು, ಹಬೆ ಹೊಡೆಯುತ್ತದೆ. ಮೊನ್ನೆ ಬದನೆಕಾಯಿಗೆ ಚುಚ್ಚು ಹಾಕುವುದನ್ನು ಮರೆತಿದ್ದಳು, ಒಳಗೇ ಸಿಡಿದು ಗೋಡೆಗೆಲ್ಲ ಅಂಟಿತು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಎಲ್ಲ ನೋಡುತ್ತಿರುತ್ತೇನೆ. ಮೂವತ್ತು ವರ್ಷ ಒಲೆ ಊದಿದವಳಿಗೆ ಈಗ ವಿಶ್ರಾಂತಿ ಎಂದು ಅವಳು ಹೇಳುತ್ತಾಳೆ.

ಇನ್ನೊಂದು ವಿಷಯ. ಜನವರಿಯಿಂದ ಆಂಡಾಳ್ ಲ್ಯಾಬೊರೇಟರಿ ಕೆಲಸಕ್ಕೆ ವಾಪಸು ಹೋಗಬೇಕು. ರಾಮಾನುಜನ ಆಸ್ಪತ್ರೆಗೆ ಹೊತ್ತುಗೊತ್ತು ಇಲ್ಲ. ಕೂಸನ್ನು ನೋಡಿಕೊಳ್ಳಲು ನಾನು ಇನ್ನೂ ಆರು ತಿಂಗಳು ಇರಬೇಕೆಂದು ಕೇಳುತ್ತಿದ್ದಾರೆ. ನನಗೆ ಇಲ್ಲಿರಲು ಕೊಟ್ಟಿರುವ ಅನುಮತಿ ಫೆಬ್ರವರಿ ಹತ್ತಕ್ಕೆ ಮುಗಿಯುತ್ತದೆ. ಮುಂದುವರಿಸುವುದಾದರೆ ಅದಕ್ಕೆ ಮೊದಲೇ ಅರ್ಜಿ ಕೊಟ್ಟು, ಟಿಕೆಟ್ಟನ್ನೂ ಆಗಸ್ಟಿಗೆ ಬದಲಾಯಿಸಬೇಕಂತೆ. ನಾನೇನೂ ಹೇಳಿಲ್ಲ. ನೀವು ಹೇಗೆ ಹೇಳಿದರೆ ಹಾಗೆ.

ತಿರುಮಲಮ್ಮ


ಮದ್ದೂರು
7-1-1978

ಸೌಭಾಗ್ಯವತಿ ತಿರುಮಲಮ್ಮನಿಗೆ ಆಶೀರ್ವಾದಗಳು.

ಅಕ್ಷರ ಸೊಟ್ಟಗಿದೆ ಎಂದು ಬೇಸರ ಬೇಡ, ಪೆನ್ನು ಸರಿಯಿಲ್ಲ.

ನೀನು ಕೊನೆಗೂ ಕುರ್ಚಿಯ ಮೇಲೆ ಕುಳಿತಿದ್ದೀಯೆ ಎಂದು ಓದಿ ಸಂತೋಷವಾಯಿತು. ನನ್ನ ಮನೆಯಲ್ಲಿ ಆ ಸುಖ ನಿನಗೆ ಸಿಗಲಿಲ್ಲ. ಕೇಳಿದ್ದಾರೆ, ಇರು. ಇಲ್ಲಿಗೆ ಓಡಿ ಬಂದು ಮಾಡಬೇಕಾದ್ದೇನೂ ಇಲ್ಲ. ನನಗೆ ಒಬ್ಬನೇ ಇರುವುದು ಅಭ್ಯಾಸವಾಗಿದೆ.

ವರದರಾಜ


ಮದ್ದೂರು
18-1-1978

ತಿರುಮಲೆ,

ಏಳನೇ ತಾರೀಕಿನ ಪತ್ರವನ್ನು ಮರೆತುಬಿಡು. ಇದನ್ನು ಓದು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗುತ್ತದೆ, ಎರಡು ದಿನವಾದರೂ ಸರಿ, ಪೂರ್ತಿ ಬರೆಯುತ್ತೇನೆ.

ಡಿಸೆಂಬರ್ ಹದಿನಾಲ್ಕರಂದು ಬಲಗೈ ಸುಟ್ಟುಕೊಂಡೆ. ಕಾಫಿಗೆ ನೀರಿಟ್ಟಿದ್ದೆ, ಸ್ಟವ್ವಿನ ಉರಿ ಇಳಿಯಿತು. ಆರಿಸಿ ಕಾಯುವ ತಾಳ್ಮೆ ಇರಲಿಲ್ಲ, ಉರಿಯುತ್ತಿದ್ದಂತೆಯೇ ಎಣ್ಣೆ ಸುರಿದೆ. ನೀನು ಮೊದಲ ಪತ್ರದಲ್ಲೇ ಬೇಡ ಎಂದಿದ್ದೆ. ಭಗ್ಗೆಂದಿತು. ಅಂಗೈ, ಮಣಿಕಟ್ಟು, ಮೊಣಕೈವರೆಗೆ ಬೊಬ್ಬೆ. ಮರಿತಾಯಮ್ಮ ಗೋಣಿ ನೆನೆಸಿ ಸ್ಟವ್ವಿನ ಮೇಲೆ ಹಾಕಿದಳು, ಇಲ್ಲದಿದ್ದರೆ ಮನೆಯೇ ಹೋಗುತ್ತಿತ್ತು. ಈಗ ವಾಸಿಯಾಗುತ್ತಿದೆ. ಬೆರಳು ಮಡಿಚಲು ಬರುವುದಿಲ್ಲ. ಬೋರ್ಡಿನ ಮೇಲೆ ಮಕ್ಕಳೇ ಬರೆಯುತ್ತಾರೆ, ನಾನು ಹೇಳುತ್ತೇನೆ.

ಸ್ಟವ್ವನ್ನು ರಿಪೇರಿಗೆ ನಯಾಜ್ ಪಾಷಾನ ಅಂಗಡಿಗೆ ತೆಗೆದುಕೊಂಡು ಹೋದೆ. ಅವನು ನನ್ನ ಕೈ ನೋಡಿದ, ಸ್ಟವ್ ನೋಡಿದ, ಬೀದಿಗೆಲ್ಲ ಕೇಳುವಂತೆ ಬೈದ. "ಉರೀತಾ ಇರೋ ಸ್ಟವ್ವಿಗೆ ಎಣ್ಣೆ ಉಯ್ದ್ರಾ? ಮಕ್ಳಿಗೆ ಪಾಠ ಏಳೋರು ನೀವು. ಗೊತ್ತಿಲ್ದಿದ್ರೆ ಬಂದು ಕೇಳ್ಬೇಕು ಮೇಷ್ಟ್ರೇ. ಕೇಳುದ್ರೆ ಏನ್ ಓಯ್ತದೆ ನಿಮ್ದು?" ಎಂದ. ಆಮೇಲೆ ಅವನೇ ಟೀ ತರಿಸಿ ಎಡಗೈಗೆ ಲೋಟ ಕೊಟ್ಟು, "ಅಮ್ಮಾವ್ರಿಗೆ ಬರುದ್ರಾ?" ಎಂದು ಕೇಳಿದ. ಇಲ್ಲ ಎಂದೆ. "ಅದ್ಯಾಕೆ?" ಎಂದ. ಲೋಟ ಕೆಳಗಿಟ್ಟು, ಸ್ಟವ್ವನ್ನು ಅಲ್ಲೇ ಬಿಟ್ಟು ಬಂದೆ.

ಈಗ ಒಳಲೆಯ ವಿಷಯ. ಮಂಡ್ಯದ ಶಿಬಿರಕ್ಕೆ ಕಾಲೇಜಿನಿಂದ ಭೌತಶಾಸ್ತ್ರದ ಲೆಕ್ಚರರ್ ಒಬ್ಬರು ಬಂದಿದ್ದರು, ನಮಗೆ ಮಗನಿದ್ದಿದ್ದರೆ ಅವನ ವಯಸ್ಸಿನವರು ಎನ್ನೋಣ. ಎಲ್ಲರೆದುರು ನಾನು ಜಂಬದಿಂದ ನಿನ್ನ ಒಲೆಯನ್ನೂ ನಾನು ಕೊಟ್ಟ ಸಲಹೆಯನ್ನೂ ಹೇಳಿದೆ. ಅವರು ಗಾಬರಿಯಾದರು. ಆ ಅಲೆಗಳು ಗಾಜಿನಲ್ಲಿ ಹಾದುಹೋಗಿ ಅನ್ನದಲ್ಲಿರುವ ನೀರನ್ನೇ ಕಾಯಿಸುತ್ತವಂತೆ. ಲೋಹ ಅಲೆಯನ್ನು ಒಳಗೆ ಬಿಡದೆ ಹಿಂದಕ್ಕೆ ತಳ್ಳುತ್ತದೆ. ಅಂಚು, ಮೂತಿ ಚೂಪಾಗಿದ್ದರೆ ಅಲ್ಲಿ ಕಿಡಿ ಸಿಡಿಯುತ್ತದೆ. "ಬೆಳ್ಳಿಯಾದರೂ ಅಷ್ಟೆ ಸರ್, ತಕ್ಷಣ ಬೇಡ ಅಂತ ತಿಳಿಸಿ" ಎಂದರು. ಒಳಲೆಗೆ ಇರುವುದೇ ಚೂಪು ಮೂತಿ.

ಮದ್ದೂರಿಗೆ ಬಂದರೆ ಐದು ದಿನಕ್ಕೆ ನಿನ್ನ ಪತ್ರ. ಹಾಲು ಚೆನ್ನಾಗಿ ಬಿಸಿಯಾಯಿತು. ಅದು ಸುಳ್ಳು ಎಂದು ಓದಿದ ಕ್ಷಣವೇ ನನಗೆ ಗೊತ್ತಾಯಿತು. ಅಲ್ಲಿ ಏನೋ ಆಗಿದೆ, ನೀನು ನನ್ನನ್ನು ಕಾಪಾಡಲು ಬಚ್ಚಿಟ್ಟಿದ್ದೀಯೆ ಎಂದೂ ಗೊತ್ತಾಯಿತು. ಆದರೂ ಬೆಳ್ಳಿ ಸವೆಯುತ್ತದೆ ಎಂದು ಕಥೆ ಕಟ್ಟಿ ಬರೆದೆ. ತಪ್ಪು ಹೇಳಿದೆ ಎಂದು ಬರೆಯಲು ಕೈ ಏಳಲಿಲ್ಲ. ಆಗ ಕೈ ಚೆನ್ನಾಗಿಯೇ ಇತ್ತು.

ನನಗೆ ಗೊತ್ತಿರಲಿಲ್ಲ ತಿರುಮಲೆ. ಆ ಒಲೆಯ ವಿಷಯ ನನಗೆ ಒಂದಕ್ಷರವೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಮೊದಲ ಪತ್ರದಲ್ಲೇ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

ಊಟದ ವಿಷಯವೂ ಹೇಳಿಬಿಡುತ್ತೇನೆ. ನಾನು ಸಾರು ಮಾಡಿಲ್ಲ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅನ್ನ, ರಾತ್ರಿಗೆ ಎರಡು ವಡೆ ಕಟ್ಟಿಸಿಕೊಂಡು ಬರುತ್ತೇನೆ. ಬೆಳಿಗ್ಗೆ ಉಳಿದಿದ್ದರೆ ಅದನ್ನೇ ತಿನ್ನುತ್ತೇನೆ. ತಿನ್ನುವಾಗ ಮಾತಾಡುವವರಿಲ್ಲ, ರೇಡಿಯೋ ಹಾಕಿಕೊಳ್ಳುತ್ತೇನೆ.

ಇರು ಎಂದು ಬರೆದ ಪತ್ರವನ್ನು ಡಬ್ಬಕ್ಕೆ ಹಾಕಿ ಮನೆಗೆ ಬಂದೆ. ಬೀಗ ತೆಗೆದು ಒಳಗೆ ಕಾಲಿಟ್ಟೆ. ಇನ್ನೂ ಆರು ತಿಂಗಳು ಇದೇ ಬೀಗ ನಾನೇ ತೆಗೆಯಬೇಕು ಎಂದು ಆಗ ಹೊಳೆಯಿತು. ಚಪ್ಪಲಿ ಬಿಚ್ಚದೆ ಅಂಚೆ ಕಚೇರಿಗೆ ಓಡಿದೆ. ಪೋಸ್ಟ್‌ಮ್ಯಾನ್ ಮಾದಯ್ಯ ಇದ್ದ. "ಚೀಲ ಆಗ್ಲೇ ರೈಲ್ಗೆ ಓಯ್ತು ಮೇಷ್ಟ್ರೇ, ಒಂದು ತಂತಿ ಕೊಟ್ಬುಡಿ" ಎಂದ. ಫಾರಂ ತೆಗೆದುಕೊಂಡೆ. ಹೊರಟು ಬಾ, ಅಷ್ಟೇ ಬರೆಯಬೇಕಿತ್ತು. ಆದರೆ ತಂತಿ ಹೋಗುವುದು ಇಂಗ್ಲಿಷಿನಲ್ಲಿ. ಇಲ್ಲಿ ಪೋಸ್ಟ್ ಮಾಸ್ತರ ಓದುತ್ತಾನೆ, ಅಲ್ಲಿ ರಾಮಾನುಜ ಓದುತ್ತಾನೆ, ಆಂಡಾಳ್ ಓದಿ ನಿನಗೆ ಅರ್ಥ ಹೇಳುತ್ತಾಳೆ. ಐವತ್ಮೂರು ವರ್ಷದ ಗಂಡಸಿಗೆ ಹೆಂಡತಿಯನ್ನು ಬಿಟ್ಟಿರಲಾಗುವುದಿಲ್ಲ ಎಂದು ಅಷ್ಟು ಜನಕ್ಕೆ ತಿಳಿಯಬೇಕೇ ಎಂದು ನಾಚಿಕೆಯಾಯಿತು. ಫಾರಂ ಮಡಿಚಿ ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ. ಹನ್ನೊಂದು ದಿನ ಅದು ಜೇಬಿನಲ್ಲೇ ಇತ್ತು.

ನಾಚಿಕೆ ಸಾಕು. ನೀನಿಲ್ಲದೆ ನನಗೆ ಆಗುವುದಿಲ್ಲ. ಅಡುಗೆಗಾಗಿ ಹೇಳುತ್ತಿಲ್ಲ, ಹೋಟೆಲಿನವನು ಅನ್ನ ಹಾಕುತ್ತಾನೆ. ಅನುಮತಿ ಮುಂದುವರಿಸಬೇಡ. ಫೆಬ್ರವರಿಯಲ್ಲೇ ಬಂದುಬಿಡು.

ವರದರಾಜ


ವಿನ್ನಿಪೆಗ್
23-1-1978

ಮನೆಯವರಿಗೆ ನಮಸ್ಕಾರಗಳು.

ಏಳನೇ ತಾರೀಕಿನ ನಿಮ್ಮ ಪತ್ರ ಮೊನ್ನೆ ಬಂತು. ನೀವು ಇರು ಎಂದಿದ್ದೀರಿ, ಇರುತ್ತೇನೆ. ಇವತ್ತು ರಾಮಾನುಜ ಕರೆದುಕೊಂಡು ಹೋಗಿ ಅರ್ಜಿಗೆ ನನ್ನ ಸಹಿ ಹಾಕಿಸಿದ. ಟಿಕೆಟ್ಟು ಆಗಸ್ಟ್ ಒಂಬತ್ತಕ್ಕೆ ಬದಲಾಯಿತು.

ಒಬ್ಬರೇ ಇರುವುದು ನಿಮಗೆ ಅಭ್ಯಾಸವಾಗಿರುವುದು ಒಳ್ಳೆಯದೇ ಆಯಿತು.

ಆರೋಗ್ಯ ನೋಡಿಕೊಳ್ಳಿ.

ತಿರುಮಲಮ್ಮ


ವಿನ್ನಿಪೆಗ್
3-2-1978

ಮನೆಯವರಿಗೆ ನಮಸ್ಕಾರಗಳು.

ನಿಮ್ಮ ಎಡಗೈಯ ಪತ್ರ ನಿನ್ನೆ ಬಂತು. ಸಹಿ ಹಾಕಿ ಆಗಲೇ ಹತ್ತು ದಿನವಾಗಿತ್ತು.

ನಿನ್ನೆ ಪೂರ್ತಿ ಅತ್ತೆ. ಕೂಸು ಎದ್ದಾಗ ನಿಲ್ಲಿಸಿದೆ, ಮಲಗಿದಾಗ ಮತ್ತೆ ಅತ್ತೆ. ಕೈಗೆ ಏನು ಹಚ್ಚುತ್ತಿದ್ದೀರಿ? ಡಾಕ್ಟರಿಗೆ ತೋರಿಸಿದಿರೋ, ಇಲ್ಲ ಮರಿತಾಯಮ್ಮ ಹೇಳಿದ ಸೊಪ್ಪಿನಲ್ಲೇ ಇದ್ದೀರೋ? ಬೆರಳುಗಳನ್ನು ದಿನಾ ಬೆಚ್ಚನೆಯ ನೀರಿನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಮಡಿಚಿ ಬಿಚ್ಚಬೇಕು ಎಂದು ರಾಮಾನುಜ ಹೇಳಿದ. ಹಾಗೇ ಬಿಟ್ಟರೆ ಗಟ್ಟಿಯಾಗಿಬಿಡುತ್ತದಂತೆ.

ಒಳಲೆಯ ವಿಷಯ ನಾನೂ ಬರೆಯಬೇಕು. ಅಕ್ಟೋಬರ್ ಇಪ್ಪತ್ತೆರಡು. ನಿಮ್ಮ ಪತ್ರ ಬಂದ ಮಾರನೆಯ ದಿನ. ಆಂಡಾಳ್ ಸ್ನಾನಕ್ಕೆ ಹೋಗಿದ್ದಳು. ಕೂಸು ನನ್ನ ಎಡ ತೋಳಿನಲ್ಲಿತ್ತು. ಒಳಲೆಯಲ್ಲಿ ಹಾಲು ಹಾಕಿ ಒಳಗಿಟ್ಟು ಗುಂಡಿ ತಿರುಗಿಸಿದೆ. ಮನೆಯವರು ಹೇಳಿದ್ದಾರೆ ಎಂಬ ಧೈರ್ಯದಲ್ಲಿ ಬಾಗಿಲ ಗಾಜಿಗೆ ಮುಖ ಹತ್ತಿರ ಹಿಡಿದು ನೋಡುತ್ತಿದ್ದೆ. ಮೂತಿಯ ತುದಿಯಿಂದ ನೀಲಿ ಕಿಡಿ ಹಾರಿತು. ಪಟಪಟ ಸದ್ದು, ಸುಟ್ಟ ವಾಸನೆ. ನನಗೆ ನಿಲ್ಲಿಸುವುದು ಯಾವ ಗುಂಡಿ ಎಂದು ಮರೆತೇ ಹೋಯಿತು. ಕೂಸನ್ನು ಎದೆಗೆ ಅಪ್ಪಿಕೊಂಡು ಕಿರುಚಿದೆ.

ಆಂಡಾಳ್ ಒದ್ದೆ ಮೈಯಲ್ಲೇ ಓಡಿಬಂದು ಒಲೆಯ ಕರೆಂಟಿನ ತಂತಿ ಕಿತ್ತಳು. ಆಮೇಲೆ ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಅದಕ್ಕೆ ಏನೂ ಆಗಿರಲಿಲ್ಲ. "ಬೇಡ ಅಂತ ಎಷ್ಟು ಸಲ ಹೇಳಿದೀನಿ ಚಿಕ್ಕಮ್ಮ. ನನ್ನ ಮಗೂಗೆ ಏನಾದ್ರೂ ಆಗಿದ್ರೆ? ಇನ್ನು ನೀವು ಅಡುಗೆಮನೆಗೆ ಬರಬೇಡಿ" ಎಂದಳು. ತಪ್ಪಾಯಿತು ಎಂದೆ. ಯಾರು ಹೇಳಿದರು ಎಂದು ರಾಮಾನುಜ ಕೇಳಿದ. ನನಗೇ ತೋಚಿತು ಎಂದೆ. ನಿಮ್ಮ ಹೆಸರು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ನೀವು ಎಂಟನೇ ತರಗತಿಯ ಪುಸ್ತಕದ ಮಾತು ಬರೆದಾಗಲೇ ನನಗೆ ಸ್ವಲ್ಪ ಅನುಮಾನ ಬಂದಿತ್ತು. ಆದರೂ ನಿಮ್ಮ ಮಾತು ಕೇಳಿದೆ. ಇಪ್ಪತ್ತೇಳು ವರ್ಷದ ಅಭ್ಯಾಸ.

ಆವತ್ತಿನಿಂದ ನಾನು ಒಲೆ ಮುಟ್ಟಿಲ್ಲ. ವಿಶ್ರಾಂತಿ ಎಂದು ಬರೆದೆನಲ್ಲ, ಅದು ಇದು. ಜನವರಿಯಿಂದ ಅವರಿಬ್ಬರೂ ಏಳು ಗಂಟೆಗೆ ಹೋಗುತ್ತಾರೆ. ಕೂಸಿನ ಹಾಲನ್ನು ಆಂಡಾಳ್ ಫ್ಲಾಸ್ಕಿನಲ್ಲಿ ತುಂಬಿಡುತ್ತಾಳೆ. ನನ್ನ ಅನ್ನ ಐಸಿನ ಬೀರುವಿನಲ್ಲಿರುತ್ತದೆ. ಮಧ್ಯಾಹ್ನ ಅದನ್ನು ತೆಗೆದು ಹಾಗೇ ಮಜ್ಜಿಗೆ ಹಾಕಿಕೊಂಡು ತಿನ್ನುತ್ತೇನೆ. ಹಲ್ಲು ಜುಮ್ಮೆನ್ನುತ್ತದೆ. ಹೊರಗೆ ಹಿಮ, ಒಳಗೆ ಹಿಮದಂಥ ಅನ್ನ. ಜೀವಮಾನವೆಲ್ಲ ಎಲ್ಲರಿಗೂ ಬಿಸಿ ಬಡಿಸಿದವಳು ನಾನು, ನನ್ನ ಸ್ಥಿತಿ ನೋಡಿ ನನಗೇ ನಗು ಬರುತ್ತಿತ್ತು. ಕೆಲವು ಸಲ ನಗು ಬರುತ್ತಿರಲಿಲ್ಲ.

ನಿನ್ನೆ ಸಾಯಂಕಾಲ ಆಂಡಾಳ್ ಬಂದಾಗ ಕಣ್ಣು ಕೆಂಪಗಿರುವುದನ್ನು ಕಂಡು ಏನಾಯಿತು ಎಂದಳು. ನಿಮ್ಮ ಕೈ ಸುಟ್ಟಿದ್ದನ್ನು ಹೇಳಿದೆ. ಮಾತಿಗೆ ಮಾತು ಬಂದು ತಣ್ಣನೆಯ ಅನ್ನದ ವಿಷಯವೂ ಹೊರಬಿತ್ತು. ಅವಳು ಅಲ್ಲೇ ಕುಳಿತುಬಿಟ್ಟಳು. "ಬಿಸಿ ಮಾಡಿದ್ದು ಮಡಿಗೆ ಆಗಲ್ಲ ಅಂತ ನೀವೇ ಬೇಡ ಅಂದುಕೊಂಡಿದೀರಿ ಅಂತ ತಿಳಿದಿದ್ದೆ ಚಿಕ್ಕಮ್ಮ. ಇಷ್ಟು ದಿನ ಹೇಳಬಾರದಿತ್ತಾ?" ಎಂದಳು. ನೀನು ಕೋಪದಲ್ಲಿದ್ದೀಯೆ ಎಂದುಕೊಂಡಿದ್ದೆ ಎಂದೆ. ಕೋಪ ಮಾರನೆಯ ದಿನವೇ ಹೋಗಿತ್ತು ಎಂದಳು. ಒಂದೇ ಸೂರಿನ ಕೆಳಗಿದ್ದೂ ನಮ್ಮ ಗತಿ ಇಷ್ಟು. ನಿಮ್ಮನ್ನು ಬೈಯಲು ನನಗೇನು ಹಕ್ಕಿದೆ?

ಇವತ್ತು ಬೆಳಿಗ್ಗೆ ಅವಳು ಪಕ್ಕದಲ್ಲಿ ನಿಂತಳು, ನಾನೇ ಮಾಡಿದೆ. ಗಾಜಿನ ಬಟ್ಟಲು, ಮೇಲೆ ನೀರು, ಮುಚ್ಚಳ ಸಡಿಲ, ಒಂದು ನಿಮಿಷಕ್ಕೆ ನಿಲ್ಲಿಸಿ ಕಲಕಿ ಮತ್ತೆ ಒಂದು ನಿಮಿಷ. ಆಮೇಲೆ ಕೂಸಿನ ಬಾಟಲಿ. ಇದರಲ್ಲಿ ಒಂದು ಮೋಸ ಇದೆ, ನಿಮ್ಮ ಸ್ಕೂಲಿನ ಮಕ್ಕಳಿಗೂ ಹೇಳಿ. ಬಾಟಲಿ ಹೊರಗೆ ಮುಟ್ಟಿದರೆ ಉಗುರುಬೆಚ್ಚಗಿರುತ್ತದೆ, ಒಳಗಿನ ಹಾಲು ನಾಲಗೆ ಸುಡುವಷ್ಟು ಕಾದಿರುತ್ತದೆ. ಪಾತ್ರೆ ಮುಟ್ಟಿ ಬಿಸಿ ತಿಳಿಯುವ ನನ್ನ ಕೈ ಇಲ್ಲಿ ಲೆಕ್ಕಕ್ಕಿಲ್ಲ. ಚೆನ್ನಾಗಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಮಣಿಕಟ್ಟಿನ ಒಳಗೆ ಒಂದು ತೊಟ್ಟು ಬಿಟ್ಟುಕೊಂಡು ನೋಡಿಯೇ ಕೊಡಬೇಕು.

ಟಿಕೆಟ್ಟಿನ ವಿಷಯ. ನಿಮ್ಮ ಪತ್ರದ ಕೊನೆಯ ಸಾಲನ್ನು ಆಂಡಾಳಿಗೆ ಓದಿ ಹೇಳಲಿಲ್ಲ, ಹೇಳಿದ್ದರೆ ಬಹುಶಃ ಕಳಿಸುತ್ತಿದ್ದಳು. ಆದರೆ ಕೂಸನ್ನು ನೋಡಿಕೊಳ್ಳಲು ಗೊತ್ತುಮಾಡಿದ್ದ ಹೆಂಗಸಿಗೆ ನನ್ನ ಮಾತು ನಂಬಿ ಬೇಡವೆಂದಿದ್ದಾಳೆ. ಈಗ ನಾನು ಹೊರಟರೆ ಆಂಡಾಳಿನ ಕೆಲಸ ಹೋಗುತ್ತದೆ. ಕೊಟ್ಟ ಮಾತು ಕೊಟ್ಟಾಯಿತು. ಆಗಸ್ಟ್ ಒಂಬತ್ತಕ್ಕೇ ಹೊರಡುತ್ತೇನೆ. ಹತ್ತು ದಿನ ಮುಂಚೆ ಆ ತಂತಿ ಬಂದಿದ್ದರೆ ಬೇರೆ ಮಾತು. ನಾಚಿಕೆಗೆ ನಾವಿಬ್ಬರೂ ಆರು ತಿಂಗಳು ತೆತ್ತೆವು. ನಾನೂ ಬಿಟ್ಟಿರಲಾರೆ ಎಂದು ಡಿಸೆಂಬರಿನಲ್ಲಿ ಬರೆಯಬಹುದಿತ್ತು, ನೀವು ಹೇಗೆ ಹೇಳಿದರೆ ಹಾಗೆ ಎಂದು ಬರೆದೆ.

ಇನ್ನು ಈ ಆರು ತಿಂಗಳು ಒಬ್ಬರಿಗೊಬ್ಬರು ನಿಜ ಬರೆಯೋಣ. ಚೆನ್ನಾಗಿದ್ದೇನೆ ಎಂದು ಬರೆಯುವುದು ಬೇಡ. ನಾನೇ ಶುರುಮಾಡುತ್ತೇನೆ. ಇಲ್ಲಿ ಈಗ ಮಧ್ಯಾಹ್ನ ಎರಡು ಗಂಟೆ. ಕೂಸು ಮಲಗಿದೆ. ಬೆಳಿಗ್ಗೆ ಏಳರಿಂದ ನನ್ನೊಡನೆ ಯಾರೂ ಮಾತಾಡಿಲ್ಲ.

ತಿರುಮಲಮ್ಮ